ಹಂಪ್ ಬಂತು, ಇಳಿ!

ನಮ್ಮ ಹೊಸೂರಿನಲ್ಲಿ ಸ್ಪೋರ್ಟ್ಸ್ ಕಾರಿನ ಒಡತಿ ಎಂದು ಕಾನೂನುಬದ್ಧವಾಗಿ ಹೇಳಿಕೊಳ್ಳಬಲ್ಲ ಗೃಹಿಣಿ ಆ ಕಾಲಕ್ಕೆ ನಾನೊಬ್ಬಳೇ ಇದ್ದೆನೆಂದು ವಿನಯಪೂರ್ವಕವಾಗಿ ತಿಳಿಸಲು ಇಚ್ಛಿಸುತ್ತೇನೆ. ಆರ್.ಸಿ. ಪುಸ್ತಕದಲ್ಲಿ ನನ್ನ ಹೆಸರಿತ್ತು. ನನ್ನ ತಂದೆಯ ಇನಿಷಿಯಲ್ಲೂ ಇತ್ತು. ಕಾರಿನ ಕೀಲಿ ಮಾತ್ರ ನಮ್ಮ ಯಜಮಾನರ ಜೇಬಿನಲ್ಲಿತ್ತು.

ಇದಕ್ಕೆ ಕಾರಣ ಶನಿಮಹಾತ್ಮ. ನಮ್ಮವರು ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದರು. ಅಲ್ಲಿ ಯಂತ್ರ ಜೋಡಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ತಮ್ಮ ಕೆಂಪು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಸ್ಪೋರ್ಟ್ಸ್ ಕಾರನ್ನು ಇವರಿಗೆ ಮಾರಿ ಹೋದರು. ಅದನ್ನು ಮನೆಮುಂದೆ ನಿಲ್ಲಿಸಿದ ದಿನ ಇವರು ತಿಂಡಿ ತಿನ್ನುವುದನ್ನೂ ಮರೆತು ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ಆದರೆ ಜೋಯಿಸರು ಜಾತಕ ಬಿಡಿಸಿ, "ನಿಮಗೀಗ ಸಾಡೇಸಾತಿ. ಕಬ್ಬಿಣ ನಿಮ್ಮ ಹೆಸರಲ್ಲಿ ಬೇಡವೇ ಬೇಡ. ಮನೆಯವರ ಹೆಸರಿಗೆ ಮಾಡ್ಸಿಬಿಡಿ" ಎಂದರು. ಹೀಗೆ ಅಷ್ಟೂ ಕಬ್ಬಿಣ ನನ್ನ ತಲೆಗೆ ಬಂತು!

"ಬರೀ ಕಾಗದದ ಮೇಲೆ ಕಣೇ, ಹೆದರಬೇಡ" ಎಂದರು ಯಜಮಾನರು.

ಹೆದರಿಕೆ ನನಗಲ್ಲ, ಅವರಿಗೆ. ನಾನು ಎಂಟು ವರ್ಷದಿಂದ ನಮ್ಮ ಹಳೆಯ ಪುಟ್ಟ ಕಾರಿನಲ್ಲಿ ಮಗಳನ್ನು ಶಾಲೆಗೆ ಬಿಟ್ಟು, ಮಾರ್ಕೆಟ್ಟಿನಿಂದ ತರಕಾರಿ ತಂದವಳು. ಆದರೂ ಕೆಂಪು ಕಾರಿನ ಸ್ಟಿಯರಿಂಗ್ ಮೇಲಿನ ಧೂಳು ಒರೆಸುವುದಕ್ಕಷ್ಟೇ ನನಗೆ ಅನುಮತಿ.

ಅದೂ ಹೋಗಲಿ. ಅವಮಾನ ಇನ್ನೊಂದಿತ್ತು. ಅವಲಪಲ್ಲಿಯ ನಮ್ಮ ಮನೆಯಿಂದ ಹೆದ್ದಾರಿ ಸೇರುವಷ್ಟರಲ್ಲಿ ಮೂರು ಹಂಪ್. ಮೊದಲನೆಯದು ಪಕ್ಕದ ಮನೆ ಮುನಿಯಮ್ಮನ ಬಾಗಿಲ ಮುಂದೆ. ಅವಳ ಮೇಕೆಗೆ ಯಾರದೋ ಸ್ಕೂಟರ್ ತಾಗಿದ ಮೇಲೆ ಬೀದಿಯವರೇ ಸೇರಿ ಹಾಕಿಸಿದ್ದು; ಅದನ್ನು ಹಂಪ್ ಅನ್ನುವುದಕ್ಕಿಂತ ಸಣ್ಣ ಅಣೆಕಟ್ಟು ಅನ್ನಬಹುದು. ಎರಡನೆಯದು ಶಾಲೆಯ ಮುಂದೆ. ಮೂರನೆಯದಕ್ಕೆ ಯಾವ ಕಾರಣವೂ ಇರಲಿಲ್ಲ. ಮೊದಲ ದಿನ ಇಬ್ಬರೂ ಕುಳಿತು ಹೋದಾಗ ಮುನಿಯಮ್ಮನ ಹಂಪಿನ ಮೇಲೆ ಕಾರಿನ ಹೊಟ್ಟೆ 'ಕರ್ರ್' ಎಂದು ಉಜ್ಜಿತು. ನಮ್ಮವರ ಮುಖ ಹಲ್ಲುನೋವು ಬಂದವರಂತಾಯಿತು.

"ವೆಯ್ಟ್ ಜಾಸ್ತಿ ಆಯ್ತು" ಎಂದರು, ನನ್ನ ಕಡೆ ನೋಡದೆ.

ಅಂದಿನಿಂದ ಪದ್ಧತಿ ಶುರುವಾಯಿತು. ದೂರದಿಂದಲೇ ಇವರು ಕೂಗುತ್ತಿದ್ದರು: "ಹಂಪ್ ಬಂತು, ಇಳಿ!" ನಾನು ಇಳಿಯಬೇಕು. ಕಾರು ಮೆಲ್ಲಗೆ ಹಂಪ್ ದಾಟಬೇಕು. ನಾನು ಸೆರಗು ಹಿಡಿದುಕೊಂಡು ನಡೆದು ದಾಟಿ ಮತ್ತೆ ಹತ್ತಬೇಕು. ಹೆದ್ದಾರಿ ಸೇರುವಷ್ಟರಲ್ಲಿ ಮೂರು ಸಲ. ನನ್ನ ಹೆಸರಿನ ಕಾರು!

ಮುನಿಯಮ್ಮ ಕಟ್ಟೆಯ ಮೇಲೆ ಹೂ ಕಟ್ಟುತ್ತ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು, "ಏನಮ್ಮಯ್ಯಾ, ಕಾರ್ ತಗಂಡ್ರೂ ನಡ್ಕಂಡೇ ಹೋಯ್ತೀಯಲ್ಲ? ನಮ್ ಮೇಕೆನಾದ್ರೂ ಆಟೋದಾಗೆ ಕುಂತ್ಕಂಡು ಸಂತೆಗೆ ಹೋಯ್ತದೆ!"

ಅಂದು ರಾತ್ರಿ ಎರಡು ಚಪಾತಿ ಕಡಿಮೆ ತಿಂದೆ.

ಇಷ್ಟರಲ್ಲಿ ಒಂದು ಪತ್ರ ಬಂತು. ಆ ವಿದೇಶಿ ಎಂಜಿನಿಯರು ಊರಿಗೆ ಹೋಗುವ ಮೊದಲು ಯಾವುದೋ ಕಾರು ಕ್ಲಬ್ಬಿನವರ 'ಹೈ ಪರ್ಫಾರ್ಮೆನ್ಸ್ ಡ್ರೈವಿಂಗ್' ತರಬೇತಿಗೆ ಸೀಟು ಹಿಡಿದಿದ್ದರಂತೆ. ಆ ಸೀಟು ಕಾರಿನ ಜೊತೆಗೇ ಹೊಸ ಮಾಲೀಕರಿಗೆ ಸೇರುತ್ತದಂತೆ. ಒಂದು ಭಾನುವಾರ, ಕೃಷ್ಣಗಿರಿ ಕಡೆ ಒಂದು ದೊಡ್ಡ ಖಾಲಿ ಮೈದಾನದಲ್ಲಿ. ನಮ್ಮವರು ಕುಣಿದಾಡಿದರು. ಕೊನೆಯ ಸಾಲು ಓದಿ ಕುಳಿತುಬಿಟ್ಟರು. 'ನೋಂದಾಯಿತ ಮಾಲೀಕರಿಗೆ ಮಾತ್ರ ಪ್ರವೇಶ.'

ಫೋನ್ ಮಾಡಿದರು. ಕನ್ನಡದಲ್ಲಿ ಬೇಡಿದರು, ತಮಿಳಿನಲ್ಲಿ ಗೋಗರೆದರು, ಇಂಗ್ಲಿಷಿನಲ್ಲಿ ರೇಗಿದರು. ಆ ಕಡೆಯವರು ಮೂರು ಭಾಷೆಯಲ್ಲೂ ಒಂದೇ ಉತ್ತರ ಕೊಟ್ಟರು: ಮೇಡಂ ಬರಲಿ.

"ಸರಿ, ನೀನೇ ಹೋಗು" ಎಂದರು ಕೊನೆಗೆ. "ಹೆಸರಿಗೆ ಕೂತು, ಸರ್ಟಿಫಿಕೇಟ್ ತಗೊಂಡು ಬಾ. ಫ್ರೇಮ್ ಹಾಕ್ಸೋಣ."

"ಪರೀಕ್ಷೆ ಇರತ್ತಂತಲ್ಲ, ಅದರಲ್ಲಿ ನಾನು ಗೆದ್ದರೆ?"

ಅವರು ನಗು ತಡೆದುಕೊಳ್ಳಲು ಪಟ್ಟ ಕಷ್ಟವನ್ನು ನಾನು ಗಮನಿಸಿದೆ. ಎಡಗಡೆಯ ಮೀಸೆ ಎರಡು ಸಲ ಅಲುಗಿತು.

"ಗೆದ್ದರೆ ಕೀಲಿ ನಿಂದು. ಹಂಪ್ ಬಂದಾಗ ನಾನೇ ಇಳೀತೀನಿ, ಸಾಯೋವರೆಗೂ!"

"ಸೋತರೆ?"

"ಸೋತರೆ ಈ ಕಾರಿನ ಸುದ್ದಿಗೆ ಬರೋ ಹಾಗಿಲ್ಲ. ಇಳಿ ಅಂದಾಗ ಮುಖ ದಪ್ಪ ಮಾಡ್ಕೊಳ್ಳೋ ಹಾಗೂ ಇಲ್ಲ."

ಕಾನ್ವೆಂಟಿನಲ್ಲಿ ಕಲಿತವಳು ನಾನು. ಪಂದ್ಯ ಕಟ್ಟುವುದು ಪಾಪ ಎಂದು ಸಿಸ್ಟರ್ ಹೇಳಿದ್ದರು. ಆದರೆ ಸಿಸ್ಟರ್ ಎಂದೂ ಹಂಪಿನ ಮುಂದೆ ಇಳಿದು ನಡೆದವರಲ್ಲ. "ಆಗಲಿ" ಎಂದೆ.

ಭಾನುವಾರ ಬೆಳಿಗ್ಗೆ ಚೂಡಿದಾರ ತೊಟ್ಟು, ಮಗಳ ಪಿ.ಟಿ. ಶೂ ಹಾಕಿ, ತುರುಬಿಗೆ ಕನಕಾಂಬರ ಮುಡಿದು, ಒಂದು ಡಜನ್ ನಿಂಬೆಹಣ್ಣಿನ ಚೀಲ ಹಿಡಿದು ಹೊರಟೆ. ಮೂರು ಹಂಪಿನಲ್ಲಿ ಮೂರು ಸಲ ಇಳಿದೆ. ಸಾನಮಾವು ಕಾಡಿನಂಚಿನಲ್ಲಿ ಹೋಗುವಾಗ ನಮ್ಮವರು, "ಆನೆ ಬಂದ್ರೂ ಇಳೀಬೇಕಾಗಿಲ್ಲ ಬಿಡು" ಎಂದು ಧೈರ್ಯ ಹೇಳಿದರು.

ಮೈದಾನದಲ್ಲಿ ಏಳು ಕಾರು, ಆರು ಗಂಡಸರು, ನಾನು. ಒಬ್ಬರಂತೂ ಬೆಂಗಳೂರಿನಿಂದ ಬೆರಳಿಲ್ಲದ ಚರ್ಮದ ಗ್ಲೌಸ್ ಹಾಕಿಕೊಂಡು ಬಂದಿದ್ದರು. ನನ್ನನ್ನು ನೋಡಿ, "ಮೇಡಂ, ಫ್ಯಾಮಿಲಿಗೆಲ್ಲ ಕುರ್ಚಿ ಆ ಕಡೆ ಹಾಕಿದಾರೆ" ಎಂದು ಉಪಕಾರ ಮಾಡಿದರು. ಆ ಕುರ್ಚಿಗೆ ಹೋಗಿ ಕುಳಿತವರು ನಮ್ಮ ಯಜಮಾನರು. ಅಸಲು ಕೀಲಿಯನ್ನು ಜೇಬಿನಲ್ಲೇ ಉಳಿಸಿಕೊಂಡು, ಆ ಒಂದು ದಿನದ ಮಟ್ಟಿಗೆ ಸ್ಪೇರ್ ಕೀಲಿಯನ್ನಷ್ಟೇ ನನಗೆ ಕೊಟ್ಟಿದ್ದರು.

ತರಬೇತುದಾರರು ಕೃಷ್ಣಗಿರಿಯ ರಾಜಮಾಣಿಕ್ಯಂ ಸಾರ್. ಬಿಳಿ ಮೀಸೆ, ಕೊರಳಲ್ಲಿ ಸೀಟಿ. ಮೊದಲ ಎಡವಟ್ಟು ಹೆಲ್ಮೆಟ್ಟಿನದು. ತುರುಬಿನ ಮೇಲೆ ಅದು ಕೂರಲೊಲ್ಲದು; ಮಡಕೆಯ ಮೇಲೆ ಮಡಕೆ ಇಟ್ಟಂತೆ ಅಲ್ಲಾಡುತ್ತಿತ್ತು. ಕೊನೆಗೆ ತುರುಬು ಬಿಚ್ಚಿ, ಹೂವನ್ನು ಕಾರಿನ ಕನ್ನಡಿಗೆ ನೇತುಹಾಕಿದೆ. ಎರಡನೆಯದು ನಿಂಬೆಹಣ್ಣಿನದು. ಹೊಸ ಕೆಲಸಕ್ಕೆ ಗಾಡಿ ಹೊರಡುವಾಗ ಚಕ್ರದಡಿ ನಿಂಬೆಹಣ್ಣು ಇಡದಿದ್ದರೆ ಹೇಗೆ? ನಾಲ್ಕು ಚಕ್ರಕ್ಕೂ ಇಟ್ಟು ಕೈ ಮುಗಿದೆ.

ಸಾರ್ ಓಡಿ ಬಂದರು. "ಎನ್ನಮ್ಮಾ ಇದು? ಇದು ಟ್ರ್ಯಾಕ್ ಅಮ್ಮಾ, ಕೋವಿಲ್ ಇಲ್ಲೆ!"

"ದೇವಸ್ಥಾನ ಅಲ್ಲ ಅಂತ ಗೊತ್ತು ಸಾರ್. ಅಪಾಯ ಇಲ್ಲಿ ಜಾಸ್ತಿ ಅಲ್ವಾ?"

ಅವರು ತಮ್ಮ ಜೀಪಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಎಕ್ಸ್‌ಟ್ರಾ ಇದೆಯಾ?" ಎಂದರು. ಅವರ ಜೀಪಿಗೂ ನಾಲ್ಕು ಹೋಯಿತು.

ಮೊದಲ ಪಾಠ ತುರ್ತು ಬ್ರೇಕ್. ಸಾರ್ ಪಕ್ಕದ ಸೀಟಿನಲ್ಲಿ. ಜೋರಾಗಿ ಹೋಗಬೇಕು, ಅವರು "ಈಗ!" ಎಂದ ಕೂಡಲೇ ಪೂರ್ತಿ ಬಲದಿಂದ ತುಳಿಯಬೇಕು. ಹೋದೆ. "ಈಗ!" ಎಂದರು. ನಾನು ಹಿಂದೆ ಬರುವವರಿಗೆ ತೊಂದರೆಯಾಗಬಾರದೆಂದು ಕಿಟಕಿಯಿಂದ ಬಲಗೈ ಹೊರಹಾಕಿ 'ನಿಲ್ಲಿಸುತ್ತಿದ್ದೇನೆ' ಎಂದು ಸನ್ನೆ ಮಾಡಿ, ಕನ್ನಡಿ ನೋಡಿ, ಆಮೇಲೆ ಬ್ರೇಕ್ ಹಾಕಿದೆ. ಅಷ್ಟರಲ್ಲಿ ನಾವು ಮೈದಾನ ಬಿಟ್ಟು ಪಕ್ಕದ ಹುರುಳಿ ಹೊಲದಲ್ಲಿದ್ದೆವು!

"ಕೈ ತೋರಿಸ್ಬಾರ್ದಮ್ಮಾ! ಹಿಂದೆ ಯಾರೂ ಇಲ್ಲಮ್ಮಾ!"

ಎರಡನೆಯ ಸಲ ಸರಿಯಾಗಿಯೇ ತುಳಿದೆ. ಕಾರು ನೆಟ್ಟಗೆ ನಿಂತಿತು. ಆದರೆ ಬ್ರೇಕ್ ತುಳಿದ ಗಳಿಗೆಯಲ್ಲೇ ನನ್ನ ಎಡಗೈ ತಾನಾಗಿ ಚಾಚಿ ಸಾರ್ ಎದೆಯನ್ನು ಸೀಟಿಗೆ ಒತ್ತಿ ಹಿಡಿದಿತ್ತು. ಮಗಳನ್ನು ಪಕ್ಕ ಕೂರಿಸಿಕೊಂಡು ಎಂಟು ವರ್ಷ ಓಡಿಸಿದ ಅಭ್ಯಾಸ! ನಾಚಿ ಕೈ ತೆಗೆದೆ. "ಸಾರಿ ಸಾರ್, ಮುಗ್ಗರಿಸಿಬಿಡ್ತೀರೇನೋ ಅಂತ..."

ಸಾರ್ ಕೊರಳಿನ ಸೀಟಿಯನ್ನು ಸರಿಮಾಡಿಕೊಂಡರು. "ಮೂವತ್ತು ವರ್ಷ ಸರ್ವೀಸ್‌ನಲ್ಲಿ ನನ್ನನ್ನ ಯಾರೂ ಹಿಡ್ಕೊಂಡಿಲ್ಲಮ್ಮಾ" ಎಂದರು.

ನಂತರ ಕೋನುಗಳು. ಕೆಂಪು ಪ್ಲಾಸ್ಟಿಕ್ ಕೋನುಗಳನ್ನು ಸಾಲಾಗಿ, ಅಡ್ಡಡ್ಡವಾಗಿ ಇಟ್ಟಿದ್ದರು. ಹಾವಿನಂತೆ ನಡುವೆ ನುಗ್ಗಿ, ಕೊನೆಯಲ್ಲಿ ಸುತ್ತಿ ವಾಪಸ್ಸು ಬರಬೇಕು. ಮಧ್ಯಾಹ್ನದ ಪರೀಕ್ಷೆಯೂ ಇದರಲ್ಲೇ. ಬೆಳಗಿನ ಅಭ್ಯಾಸದಲ್ಲಿ ನಾನು ಮೊದಲ ಕೋನಿಗೆ ಹಾರ್ನ್ ಹೊಡೆದೆ. ಅದು ಸರಿಯಲಿಲ್ಲ. ಬಿತ್ತು. ಬೀಳಿಸಿದ ವಸ್ತುವನ್ನು ಎತ್ತಿಡದೆ ಮುಂದೆ ಹೋಗುವುದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದಲ್ಲ. ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಕೋನನ್ನು ನೆಟ್ಟಗೆ ನಿಲ್ಲಿಸಿ, ಧೂಳು ಒರೆಸಿ, "ಸಾರಿ" ಎಂದು ಹೇಳಿ ಮತ್ತೆ ಹತ್ತಿದೆ. ಹೀಗೆ ಒಂಬತ್ತು ಸಲ!

ಗ್ಲೌಸ್ ಮಹಾಶಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ದೂರದ ಕುರ್ಚಿ. ನಮ್ಮವರು ಕೀಲಿಯ ಜೇಬನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದರು. ನನ್ನ ಕಾಲುಗಳಿಗೆ ಆಗಲೇ ಮುಂದಿನ ಹಂಪುಗಳೆಲ್ಲ ಕಾಣಿಸಿದವು.

"ಅಮ್ಮಾ, ನೀವು ಮುಟ್ಟಬಾರದ ಕೋನನ್ನೇ ನೋಡ್ತೀರ" ಎಂದರು ಸಾರ್. "ಅದಕ್ಕೇ ಅದಕ್ಕೆ ಹೊಡೀತೀರ. ಇದನ್ನ ನೋಡ್ಬೇಡಿ. ಅಡುತ್ತದು ನೋಡಿ, ಮುಂದಿನದು. ಕಣ್ಣು ಮುಂದೆ, ಕೈ ಹಿಂದೆ."

ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ!

ಊಟದ ಹೊತ್ತಿಗೆ ಬುತ್ತಿ ಹಿಡಿದು ಮೈದಾನದ ಬದಿಯ ದಿಬ್ಬ ಹತ್ತಿ ಕುಳಿತೆ. ಚಿತ್ರಾನ್ನದ ತುತ್ತು ಬಾಯಿಗಿಟ್ಟವಳು ಹಾಗೇ ಎದ್ದು ನಿಂತೆ. ಮೇಲಿನಿಂದ ನೋಡಿದರೆ ಅವು ಕೋನುಗಳೇ ಅಲ್ಲ. ಚುಕ್ಕಿಗಳು! ಏಳರಿಂದ ನಾಲ್ಕಕ್ಕೆ ಇಳಿಸಿದ ಚುಕ್ಕಿ!

ಹೊಸೂರಿಗೆ ಬಂದ ವರ್ಷ ಮುನಿಯಮ್ಮ ನನಗೆ ಸುತ್ತು ರಂಗೋಲಿ ಕಲಿಸಿದ್ದಳು. ಚುಕ್ಕಿಗೆ ಗೆರೆ ತಾಗಬಾರದು, ಕೈ ಎತ್ತಬಾರದು, ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು. ನನ್ನ ಗೆರೆ ಚುಕ್ಕಿಯ ಮೇಲೇ ಬೀಳುತ್ತಿದ್ದಾಗ ಅವಳು ತಲೆಗೆ ಮೊಟಕಿ ಹೇಳಿದ್ದಳು, "ಕೈ ಯಾಕ್ ನೋಡ್ತೀಯ ಕಣಮ್ಮಿ? ಕೈ ಎಲ್ಲಿಗೂ ಓಡೋಗಾಕಿಲ್ಲ. ಮುಂದ್ಲ ಚುಕ್ಕಿ ನೋಡು!"

ಬುತ್ತಿಯ ಮುಚ್ಚಳದ ಮೇಲೆ ಅನ್ನದ ಅಗುಳಿಟ್ಟು, ಬೆರಳಿನಿಂದ ನಾಲ್ಕು ಸಲ ಗೆರೆ ಎಳೆದೆ. ನಾಲ್ಕನೆಯ ಸಲ ಒಂದು ಅಗುಳೂ ಅಲುಗಲಿಲ್ಲ.

ಪರೀಕ್ಷೆಯ ನಿಯಮ ಸರಳ. ಬೇಗ ಬಂದವರು ಗೆದ್ದಂತೆ. ಆದರೆ ಬೀಳಿಸಿದ ಒಂದೊಂದು ಕೋನಿಗೂ ಐದು ಸೆಕೆಂಡು ದಂಡ. ಗ್ಲೌಸ್ ಮಹಾಶಯರು ನನ್ನ ಬಳಿ ಬಂದು ಆಕಡೆ ಈಕಡೆ ನೋಡಿ, "ಮೇಡಂ... ಆ ನಿಂಬೆಹಣ್ಣು ಇನ್ನೂ ಇದೆಯಾ?" ಎಂದರು. ಕೊನೆಯ ನಾಲ್ಕನ್ನೂ ಕೊಟ್ಟೆ. ಹಂಚಿಕೊಳ್ಳಬೇಕೆಂದು ಸಿಸ್ಟರ್ ಹೇಳಿದ್ದರು. ಅವರು ಸಿಡಿಲಿನಂತೆ ಹೋಗಿ ಸಿಡಿಲಿನಂತೆ ಬಂದರು. ದಾರಿಯಲ್ಲಿ ಆರು ಕೋನು ಮಲಗಿದ್ದವು. ಉಳಿದವರೂ ಅಷ್ಟೇ, ಟೈರು ಕಿರುಚಿತು, ಧೂಳೆದ್ದಿತು, ಕೋನುಗಳು ಹಾರಿದವು.

ನನ್ನ ಸರದಿ. ಕೂತೆ. ಕನ್ನಡಿಯಲ್ಲಿ ಕನಕಾಂಬರ ತೂಗುತ್ತಿತ್ತು. ಎಂಜಿನ್ ಗುರ್ ಎಂದಿತು. ಮುಂದಿನ ಚುಕ್ಕಿ. ಎಡಕ್ಕೆ ಸುತ್ತು. ಅದರ ಮುಂದಿನ ಚುಕ್ಕಿ. ಬಲಕ್ಕೆ ಸುತ್ತು. ಕೈ ಎತ್ತಬೇಡ. ಕಾರು ರಂಗೋಲಿ ಹಿಟ್ಟಿನ ಎಳೆಯಂತೆ ಜಾರುತ್ತ, ಬಳುಕುತ್ತ, ಒಂದಕ್ಕೂ ತಾಗದೆ ಹೋಯಿತು! ನಡುವೆ ನಾನೇ "ಹಾಂ, ಹಾಂ, ಹಾಗೇ" ಎಂದುಕೊಳ್ಳುತ್ತಿದ್ದೆ. ಆ ಕೆಂಪು ಕಾರು ಅಂದು ಮೊದಲ ಸಲ ನನ್ನ ಮಾತು ಕೇಳಿತು. ಎಷ್ಟು ಸುಖವಾಗಿತ್ತೆಂದರೆ, ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು ಹೋಗೋಣವೇ ಎನ್ನಿಸಿತು.

ಗಡಿಯಾರದ ಪ್ರಕಾರ ನಾನು ಕೊನೆಯಿಂದ ಎರಡನೆಯವಳು. ಬಿದ್ದ ಕೋನು, ಸೊನ್ನೆ. ದಂಡ ಕೂಡಿಸಿದಾಗ ಮೊದಲನೆಯವಳು!

ರಾಜಮಾಣಿಕ್ಯಂ ಸಾರ್ ಬೆಳ್ಳಿ ಬಣ್ಣದ, ಎರಡು ಕಿವಿಯ ದೊಡ್ಡ ಪಾತ್ರೆಯಂಥ ಟ್ರೋಫಿ ಕೊಟ್ಟು, "ಯಾರು ಕಲಿಸಿದ್ದಮ್ಮಾ ಈ ಲೈನು?" ಎಂದರು.

"ಪಕ್ಕದ ಮನೆ ಮುನಿಯಮ್ಮ ಸಾರ್."

"ಅವರು ಯಾವ ಗಾಡಿ ಓಡಿಸ್ತಾರೆ?"

"ಮೇಕೆ ಸಾರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವರು ಎಲ್ಲರಿಗಿಂತ ಜೋರಾಗಿ ತಟ್ಟಿದರು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಆಮೇಲೆ ಜೇಬಿಗೆ ಕೈಹಾಕಿ ಕೀಲಿಯನ್ನು ನನ್ನ ಅಂಗೈಗಿಟ್ಟರು. ಬೆಚ್ಚಗಿತ್ತು.

ಮನೆಗೆ ನಾನೇ ಓಡಿಸಿದೆ. ಟ್ರೋಫಿ ಅವರ ತೊಡೆಯ ಮೇಲೆ. ಹೆದ್ದಾರಿ ಬಿಟ್ಟು ನಮ್ಮ ರಸ್ತೆಗೆ ತಿರುಗಿದ ಕೂಡಲೇ ಕಾರಣವಿಲ್ಲದ ಹಂಪ್. ನಾನು ಎಷ್ಟೋ ದಿನದಿಂದ ಬಾಯೊಳಗೆ ಹಿಡಿದಿಟ್ಟ ಮಾತನ್ನು ಹೊರಬಿಟ್ಟೆ.

"ಹಂಪ್ ಬಂತು, ಇಳೀರಿ!"

ಇಳಿದರು. ನಡೆದರು. ಹತ್ತಿದರು. ಶಾಲೆಯ ಹಂಪಿನಲ್ಲೂ ಇಳಿದರು, ನಡೆದರು, ಹತ್ತಿದರು. ಆಹಾ! ಇಂಥ ಸಂಜೆ ಒಂದು ಜನ್ಮಕ್ಕೆ ಒಂದೇ ಬರುವುದು. ಕೊನೆಗೆ ಮುನಿಯಮ್ಮನ ಹಂಪ್. ಬೀದಿಯವರೆಲ್ಲ ಹೊರಗಿದ್ದರು. ಯಜಮಾನರು ಇಳಿದು ಟ್ರೋಫಿಯನ್ನು ಸೀಟಿನ ಮೇಲಿಟ್ಟು ಪಕ್ಕಕ್ಕೆ ನಿಂತರು. ನಾನು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಂದಿಟ್ಟು, ಮಹಾರಾಣಿಯಂತೆ ಮೆಲ್ಲಗೆ ಹತ್ತಿಸಿದೆ.

ಕರ್ರ್ರ್...

ಕಾರು ಹಂಪಿನ ಮೇಲೆ ಕುಳಿತುಬಿಟ್ಟಿತು.

"ನೀವು ಇಳಿದ್ರಿ ತಾನೆ?" ಎಂದೆ.

"ಇಳಿದೇ ಇದೀನಲ್ಲೇ" ಎಂದರು. ಎಡಗಡೆಯ ಮೀಸೆ ಎರಡು ಸಲ ಅಲುಗಿತು.

ಹಿಂದಕ್ಕೆ ತೆಗೆದೆ. ಯೋಚಿಸಿದೆ. ಲೆಕ್ಕ ಎಷ್ಟು ಸಲ ಹಾಕಿದರೂ ಉತ್ತರ ಒಂದೇ ಬಂತು. ಕೊನೆಗೆ ಟ್ರೋಫಿ ಎತ್ತಿಕೊಂಡು ನಾನೇ ಇಳಿದೆ. ನಮ್ಮವರು ಕುಳಿತರು. ಕಾರು ಒಂದು ಸದ್ದೂ ಮಾಡದೆ, ಬೆಣ್ಣೆಯ ಮೇಲೆ ಹೋದಂತೆ, ಹಂಪ್ ದಾಟಿತು.

ಹೈ ಪರ್ಫಾರ್ಮೆನ್ಸ್ ಚಾಲಕಿಯಾದ ನಾನು, ಎರಡು ಕಿವಿಯ ಟ್ರೋಫಿಯನ್ನು ಎದೆಗವಚಿಕೊಂಡು, ಮಗಳ ಪಿ.ಟಿ. ಶೂನಲ್ಲಿ ಹಂಪಿನ ಮೇಲೆ ನಡೆದು ಬಂದೆ. ಮುನಿಯಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ, ಶೂ ನೋಡಿದಳು, ಟ್ರೋಫಿ ನೋಡಿದಳು, ಮುಖವರಳಿಸಿ ಕೂಗಿದಳು:

"ಏನಮ್ಮಯ್ಯಾ! ನಡ್ಯೋ ಪಂದ್ಯದಾಗೆ ಗೆದ್ಬುಟ್ಯಾ?"

ಸುಳ್ಳು ಹೇಳಬಾರದೆಂದು ಸಿಸ್ಟರ್ ಹೇಳಿದ್ದರು. ಒಂದು ಕ್ಷಣ ಯೋಚಿಸಿದೆ.

"ಹೌದು ಮುನಿಯಮ್ಮ" ಎಂದೆ. "ಫಸ್ಟ್ ಪ್ರೈಜ್!"