ಬೆಳಕಿನ ಪೈಪಿನ ಮೇಲೊಂದು ಬುಟ್ಟಿ

ರಬಕವಿಯ ಸೀರೆ ವ್ಯಾಪಾರಿ ಬಸಗೊಂಡಪ್ಪನಿಗೆ ಜಗತ್ತಿನಲ್ಲಿ ಇಬ್ಬರು ವೈರಿಗಳಿದ್ದರು. ಒಬ್ಬ ಎದುರುಮನೆಯ ಕಾಶಪ್ಪ, ಇನ್ನೊಬ್ಬ ಸೂರ್ಯ. ಕಾಶಪ್ಪನೂ ಸೀರೆ ಮಾರುವವನೇ, ಆದ್ದರಿಂದ ಬೇರೆ ಕಾರಣ ಬೇಕಿಲ್ಲ. ಸೂರ್ಯನ ಮೇಲಿನ ಸಿಟ್ಟನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಬಸಗೊಂಡಪ್ಪನ ಅಂಗಡಿ ಎಂದರೆ ಅವನ ಮನೆಯ ನಡುಮನೆ. ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ, ಎಮ್ಮೆ ಅಡ್ಡ ಮಲಗುವಷ್ಟು ದಪ್ಪದ ಗೋಡೆ, ಕಿಟಕಿಯ ಸುಳಿವಿಲ್ಲ. ನಡುಮಧ್ಯಾಹ್ನ ಒಳಗೆ ಬಂದವರೂ ಮೊದಲು ಗೋಡೆ ತಡಕಿ, ಆಮೇಲೆ ಮಾಲೀಕನನ್ನು ತಡಕುತ್ತಿದ್ದರು. ಕರೆಂಟು ತನಗೆ ಮನಸ್ಸಾದಾಗ ಬರುವುದು. ಬಂದರೂ ಟ್ಯೂಬ್‌ಲೈಟಿನ ಕೆಳಗೆ ಹಸಿರು ನೀಲಿಯಾಗಿ, ನೀಲಿ ಕರಿಯಾಗಿ ಕಾಣುವುದು. ಹಾಗಾಗಿ ಹೆಂಗಸರು, "ತಡೀರಿ ಯಣ್ಣಾ, ಹೊರಗ ಬೆಳಕಿಗೆ ಹಿಡದು ನೋಡತೀನಿ" ಎಂದು ಸೀರೆ ಎತ್ತಿಕೊಂಡು ಬಾಗಿಲಾಚೆ ಹೋಗುತ್ತಿದ್ದರು. ಹೊರಗೆ ಬೆಳಕಿನ ಜೊತೆ ಕಾಶಪ್ಪನೂ ಇರುತ್ತಿದ್ದ. ತನ್ನ ಕಟ್ಟೆಯ ಮೇಲೆ ಕೂತು, "ಬಣ್ಣ ಛಲೋ ಐತಿ ತಂಗಿ. ಇದರಾಗ ಇನ್ನ ನಾಕ ನಮೂನಿ ನಮ್ಮಲ್ಲಿ ಅದಾವ, ಬಾ. ನೋಡಾಕ ಏನ ರೊಕ್ಕ ಕೊಡಬೇಕಾಗಿಲ್ಲ" ಎನ್ನುತ್ತಿದ್ದ. ಸೀರೆ ಮರಳಿ ಬರುತ್ತಿತ್ತು, ಗಿರಾಕಿ ಮರಳಿ ಬರುತ್ತಿರಲಿಲ್ಲ.

ಈ ರೋಗಕ್ಕೆ ಮದ್ದು ತಂದವನು ಹೆಂಡತಿ ಸಾವಿತ್ರೆವ್ವನ ತಮ್ಮ ಸಿದ್ದಾರೂಢ. ಅವನು ಹುಬ್ಬಳ್ಳಿಯಲ್ಲಿ ಸೋಲಾರ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾಳಿಗೆ ಕೊರೆದು ಒಂದು ದಪ್ಪ ಪೈಪು ಇಳಿಬಿಡುವುದು. ಪೈಪಿನ ಒಳಮೈ ಕನ್ನಡಿಯ ಹಾಗೆ ಥಳಥಳ. ಮೇಲ್ಗಡೆ ಬೋರಲು ಹಾಕಿದ ಬಟ್ಟಲಿನಂಥ ಪಾರದರ್ಶಕ ಮುಚ್ಚಳ, ಕೆಳಗೆ ಸೂರಿನಲ್ಲಿ ಹಾಲುಬಣ್ಣದ ಬಿಲ್ಲೆ. ಮೇಲೆ ಬಿದ್ದ ಬೆಳಕು ಪೈಪಿನೊಳಗೆ ಪುಟಿಯುತ್ತ ಇಳಿದು ಕೋಣೆ ತುಂಬುತ್ತದೆ. ಮೋಡವಿದ್ದರೂ ನಡೆಯುತ್ತದೆ, ಕರೆಂಟಂತೂ ಬೇಡವೇ ಬೇಡ.

"ಹಂಗಾದರ ಅಡಗಿಮನ್ಯಾಗ ಹಾಕಸ್ರಿ," ಎಂದಳು ಸಾವಿತ್ರೆವ್ವ. "ರೊಟ್ಟಿ ಬೆಂದದ್ದು ಹೊತ್ತಿದ್ದು ಒಂದೂ ಕಾಣವಲ್ದು."

"ಹೊತ್ತಿದ್ರ ವಾಸನಿ ಬರತೈತಿ. ಅದಕ್ಕ ಬೆಳಕ ಯಾಕ?"

"ನಿಮ್ಮ ಸೀರಿಗಿ ಬೆಳಕ ಬೇಕು, ನನ್ನ ರೊಟ್ಟಿಗಿ ಬ್ಯಾಡ?"

"ನಿನ್ನ ರೊಟ್ಟಿ ಹೊರಗ ಒಯ್ದು ಯಾರೂ ನೋಡೂದಿಲ್ಲ."

"ನಾಳಿಂದ ನಾನ ಒಯ್ಯತೀನಿ. ಕಾಶಪ್ಪಗ ತೋರಸತೀನಿ."

ರೊಟ್ಟಿ ಸೋತಿತು, ಸೀರೆ ಗೆದ್ದಿತು. ಸಿದ್ದಾರೂಢ ಇಬ್ಬರು ಆಳುಗಳ ಜೊತೆ ಬಂದು, ಅಜ್ಜನ ಕಾಲದ ಮಣ್ಣನ್ನೆಲ್ಲ ಬಸಗೊಂಡಪ್ಪನ ತಲೆಗೆ ಸುರಿದು ಪೈಪು ಕೂರಿಸಿದ. ಸೂರ್ಯನಾರಾಯಣ ಖುದ್ದಾಗಿ ನಡುಮನೆಗೆ ಆಗಮಿಸಿದ. ಅಂದಿನಿಂದ ಹೆಂಗಸರು ಸೀರೆ ಎತ್ತಿಕೊಂಡು ಹೊಸ್ತಿಲಾಚೆ ಹೋಗುವುದನ್ನೇ ಬಿಟ್ಟರು. ಕಾಶಪ್ಪ ಕಟ್ಟೆಯ ಮೇಲೆ ನೊಣ ಹೊಡೆಯುತ್ತ ಕೂತ. ಒಂದು ದಿನ ತಂಬಾಕಿಗೆ ಸುಣ್ಣ ಕೇಳುವ ನೆವದಲ್ಲಿ ಒಳಗೆ ಬಂದು, ಸೂರು ನೋಡಿ, "ಏನ ಬಸಣ್ಣಾ, ನಿನ್ನ ಮನ್ಯಾಗ ಹಾಡೇ ಹಗಲ ಹುಣ್ಣಿವಿ ಆಗೇತಲ್ಲ" ಎಂದ. ಬಸಗೊಂಡಪ್ಪನಿಗೆ ಆ ರಾತ್ರಿ ಒಂದು ರೊಟ್ಟಿ ಜಾಸ್ತಿ ಸೇರಿತು.

ಆದರೆ ನಾಗರ ಪಂಚಮಿ ಹತ್ತಿರ ಬಂದಂತೆ ಅದೇ ಬೆಳಕು ಅವನಿಗೆ ಬೇಡವಾಗತೊಡಗಿತು. ಪಂಚಮಿಗೆ ಲೋಕಾಪುರದಿಂದ ಅಕ್ಕ ಮಾಯವ್ವ ತವರಿಗೆ ಬರುತ್ತಾಳೆ. ಆಗ ಬಸಗೊಂಡಪ್ಪ ಪ್ರತಿವರ್ಷ ಒಂದೇ ಬಣ್ಣದ ಎರಡು ಸೀರೆ ತೆಗೆಯುತ್ತಿದ್ದ. ಒಂದು ಅಕ್ಕನಿಗೆ, ಅಂಗಡಿಯಲ್ಲೇ ಒಳ್ಳೆಯದು. ಬೀಗರ ಊರಲ್ಲಿ ಮರ್ಯಾದೆ ಪ್ರಶ್ನೆ. ಇನ್ನೊಂದು ಹೆಂಡತಿಗೆ, ಮಗ್ಗದಲ್ಲೇ ಕೆಟ್ಟ ಡ್ಯಾಮೇಜ್ ಮಾಲು: ಎಲ್ಲೋ ಎಳೆ ತಪ್ಪಿದ್ದು, ಎಲ್ಲೋ ಸೆರಗಿಗೆ ಅಡ್ಡಲಾಗಿ ಬೇರೆ ಬಣ್ಣದ ಪಟ್ಟೆ ಬಿದ್ದದ್ದು. (ಅಂಥದನ್ನು ಮಾರಿದರೆ ಗಿರಾಕಿ ಬೈಯುತ್ತಾರೆ. ಹೆಂಡತಿ ಹೇಗೂ ಬೈಯುತ್ತಾಳೆ, ಹೊಸ ನಷ್ಟವೇನಿಲ್ಲ ಎಂಬುದು ಅವನ ವ್ಯಾಪಾರಿ ಬುದ್ಧಿ.) ತವರಿಗೆ ಬಂದ ಹೆಣ್ಣುಮಗಳ ಉಡಿ ತುಂಬಿ ಸೀರೆ ಕೊಡುವವಳು ತಮ್ಮನ ಹೆಂಡತಿ. ಹಾಗಾಗಿ ಎರಡನ್ನೂ ಸಾವಿತ್ರೆವ್ವನ ಕೈಗಿತ್ತು, "ಇದು ಅಕ್ಕಗ, ಇದು ನಿನಗ" ಎಂದು ಮುಗಿಸುತ್ತಿದ್ದ. ಕತ್ತಲೆ ಅವನ ಮಾನ ಕಾಯುತ್ತಿತ್ತು.

ಈಗ ಆ ಕತ್ತಲೆಯನ್ನು ಅವನೇ ಕೈಯಾರೆ ಓಡಿಸಿದ್ದ. ಸಾವಿತ್ರೆವ್ವ ಹೋದ ಪಂಚಮಿಯ ಬದನೆಬಣ್ಣದ ಸೀರೆಯುಟ್ಟು ಚಹಾ ತಂದರೆ ಸಾಕು, ಬಸಗೊಂಡಪ್ಪ ಬಾಗಿಲಿಗೇ ಹಾರಿ ಕಪ್ಪು ಇಸಿದುಕೊಳ್ಳುತ್ತಿದ್ದ. ಒಳ್ಳೆಯ ಸೀರೆಗಳ ನಡುವೆ ನಿಂತು ತನ್ನ ಸೆರಗಿನ ಪಟ್ಟೆ ನಮೂನೆಯಲ್ಲ, ಡ್ಯಾಮೇಜೆಂದು ಅವಳಿಗೆ ತಿಳಿದರೆ ಈ ಜನ್ಮದಲ್ಲಿ ಬಿಸಿ ರೊಟ್ಟಿ ಇಲ್ಲ. ಕೊನೆಗೆ ಹಬ್ಬದ ಹಿಂದಿನ ದಿನ ಗಿರಾಕಿಗಳಿಲ್ಲದ ಹೊತ್ತು ನೋಡಿ ಹಿತ್ತಲಿನ ಏಣಿ ಹತ್ತಿದ, ಮುಚ್ಚಳದ ಮೇಲೆ ಒಂದು ದೊಡ್ಡ ಬುಟ್ಟಿ ಬೋರಲು ಹಾಕಿ ಇಳಿದು ಬಂದ.

"ಯಾಕ್ರೀ ಕತ್ತಲ ಆತು?"

"ಮೋಡ. ಶ್ರಾವಣ ಅಲ್ಲೇನು?"

"ಹೊರಗ ಅಂಗಳದಾಗ ಬಿಸಲ ಬಿದ್ದೈತಿ. ನಡುಮನ್ಯಾಗ ಅಷ್ಟ ಮೋಡ ಆಗೇತೇನು?"

ಸಾವಿತ್ರೆವ್ವ ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಇಳಿದಾಗ ಬುಟ್ಟಿ ಅವಳ ಸೊಂಟದ ಮೇಲಿತ್ತು. "ಉಂಡಿ ಕಟ್ಟಿ ಇಡಾಕಂತ ಮುಂಜಾನಿಂದ ಇದನ್ನ ಹುಡಕಾಕತ್ತೀನಿ" ಎನ್ನುತ್ತ ನೇರ ಬೆಳಕಿನ ಕೆಳಗೆ ಬಂದು ನಿಂತಳು. ಬಸಗೊಂಡಪ್ಪ ಜೀವ ಹಿಡಿದುಕೊಂಡು ಸೆರಗು ನೋಡಿದ. ಪಟ್ಟೆ ಕಾಣಲಿಲ್ಲ. ಬಗ್ಗಿ ನೋಡಿದ, ಸುತ್ತು ಬಂದು ನೋಡಿದ. ಸೀರೆ ನೂಲಿನಷ್ಟೂ ಕುಂದಿಲ್ಲದೆ ಮಿಂಚುತ್ತಿತ್ತು.

"ಪಟ್ಟಿ ಹುಡಕಾಕತ್ತೀರೇನು?" ಎಂದಳು ಸಾವಿತ್ರೆವ್ವ. "ಅದು ಲೋಕಾಪುರದಾಗ ಐತಿ."

"ಅಂದರ?"

"ನಾ ಬನಹಟ್ಟಿ ಮಗ್ಗದ ಮನ್ಯಾಗ ಹುಟ್ಟಿದಾಕಿ. ಎಳಿ ತಪ್ಪಿದ್ದು ಕೈಗೇ ತಿಳೀತೈತಿ, ಬೆಳಕ ಬೇಕಾಗಿಲ್ಲ. ಮೊದಲನೇ ಪಂಚಮಿಗೇ ಗೊತ್ತಾತು. ಜಗಳ ಯಾಕಂತ ನಂದು ಅಕ್ಕನ ಉಡ್ಯಾಗ ಹಾಕಿದೆ, ಅಕ್ಕಂದು ನಾ ಉಟ್ಟೆ."

ಮದುವೆಯಾದಾಗಿನಿಂದ ಹೆಂಡತಿ ತನ್ನ ಅಂಗಡಿಯ ಒಳ್ಳೊಳ್ಳೆಯ ಸೀರೆ ಉಟ್ಟು ಕಣ್ಣೆದುರೇ ತಿರುಗಾಡಿದ್ದಾಳೆ, ಈ ಮಹಾನುಭಾವನಿಗೆ ಕಂಡೇ ಇಲ್ಲ. ಕಾಣಲು ಬೆಳಕೆಲ್ಲಿತ್ತು? "ನನ್ನ ಅಕ್ಕಗ ಇಷ್ಟ ವರ್ಷ ಡ್ಯಾಮೇಜ್ ಸೀರಿ ಉಡಿಸೀಯಲ್ಲ" ಎಂದು ಹಲ್ಲು ಕಡಿದ.

"ಆರಿಸಿದವರು ನೀವು. ನಾ ಹಂಚೀನಿ ಅಷ್ಟ."

ಅಷ್ಟರಲ್ಲಿ ಹೊರಗೆ ಟಂಟಂ ರಿಕ್ಷಾ ನಿಂತ ಸದ್ದಾಯಿತು. "ಲೇ ಬಸ್ಯಾ, ಚೀಲ ಇಳಸ್ಕೊ ಬಾರಲೇ." ಮಾಯವ್ವ. ತವರಿನ ಮರ್ಯಾದೆಗೆಂದು ಹೋದ ಪಂಚಮಿಯ ಬದನೆಬಣ್ಣದ ಸೀರೆಯನ್ನೇ ಉಟ್ಟು ಬಂದಿದ್ದಳು. ಸಾವಿತ್ರೆವ್ವನ ಮುಖದ ರಂಗು ಇಳಿಯಿತು. ಬುಟ್ಟಿಯನ್ನು ಗಂಡನ ಎದೆಗೊತ್ತಿ, "ಲಗೂನ ಮುಚ್ಚಿ ಬರ್ರಿ" ಎಂದಳು. ಸಂಸಾರದಲ್ಲಿ ಗಂಡ ಹೆಂಡತಿ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

ಮಾಯವ್ವ ಕತ್ತಲೆಯಲ್ಲಿ ಗೋಡೆ ತಡಕಿ ಕೂತಳು. "ಬೆಳಕಿನ ಪೈಪ ಹಾಕಸೀರಂತ ನಮ್ಮೂರ ತನಕ ಸುದ್ದಿ ಬಂದೈತಿ. ಎಲ್ಲೈತಿ ಬೆಳಕ?"

"ಮೋಡ ಆಗೇತ್ರಿ ಅಕ್ಕಾ," ಎಂದಳು ಸಾವಿತ್ರೆವ್ವ.

ಆಗ ಮಾಳಿಗೆಯ ಮೇಲೆ ಧಪಧಪ ಹೆಜ್ಜೆ ಸದ್ದಾಯಿತು. ಮರುಗಳಿಗೆ ಬೆಳಕು ದಬದಬ ಸುರಿದು ಸೀದಾ ಮಾಯವ್ವನ ಮಡಿಲಿಗೆ ಬಿತ್ತು. ಹಿತ್ತಲಿನಿಂದ ಕಾಶಪ್ಪನ ದನಿ: "ಬಸಣ್ಣಾ, ಯಾವನೋ ನಿನ್ನ ಬೆಳಕಿಗಿ ಬುಟ್ಟಿ ಡಬ್ಬ ಹಾಕಿದ್ದ. ನಮ್ಮ ಮಾಳಗಿ ಮ್ಯಾಲಿಂದ ಕಾಣಸ್ತು, ತಗದೀನಿ."

ಮಾಯವ್ವ ತನ್ನ ಸೆರಗು ನೋಡಿಕೊಂಡಳು. ಇಷ್ಟು ದಿನ ನಮೂನೆಯೆಂದೇ ತಿಳಿದಿದ್ದ ಗೇಣಗಲದ ಪಟ್ಟೆ. ತಮ್ಮನ ಹೆಂಡತಿಯ ಸೀರೆ ನೋಡಿದಳು. ಅದೇ ಬಣ್ಣ, ಪಟ್ಟೆ ಇಲ್ಲ.

"ಬಸ್ಯಾ."

"ಅಕ್ಕಾ, ಅದು ಹೊಸಾ ಬೆಳಕು, ಸ್ವಲ್ಪ..."

"ಬೆಳಕಿಗೇನೂ ಆಗಿಲ್ಲ. ಹೆಂಡ್ತಿಗಿ ಛಲೋದು, ಅಕ್ಕಗ ಇದು?"

ಹೆಂಡತಿಯೇ ಅದಲುಬದಲು ಮಾಡಿದಳೆಂದು ಹೇಳಬಹುದಿತ್ತು. ಹಾಗಾದರೆ ಆ ಡ್ಯಾಮೇಜ್ ಸೀರೆ ಯಾರಿಗೆಂದು ತೆಗೆದಿದ್ದ ಎಂದೂ ಹೇಳಬೇಕಾಗುತ್ತಿತ್ತು. ಬಸಗೊಂಡಪ್ಪ ದೈನ್ಯದಿಂದ ಸಾವಿತ್ರೆವ್ವನತ್ತ ನೋಡಿದ. ಅವಳು ತಲೆ ತಗ್ಗಿಸಿ, "ಸೀರಿ ಆರಸೂದು ಅವರ ರೀ ಅಕ್ಕಾ. ನಾ ಬರೇ ಉಡಿ ತುಂಬಾಕಿ" ಎಂದಳು. ಒಂದಕ್ಷರ ಸುಳ್ಳಿರಲಿಲ್ಲ.

"ನಡಿ ಸಾವಿತ್ರಿ," ಮಾಯವ್ವ ಎದ್ದಳು. "ಈ ಸಲ ಪಂಚಮಿ ಸೀರಿ ಎದರಿನ ಅಂಗಡ್ಯಾಗ ತಗೋಳೂಣು. ನನಗೊಂದು, ನಿನಗೊಂದು. ರೊಕ್ಕ ಇಂವ ಕೊಡತಾನ."

ಇಬ್ಬರೂ ಓಣಿ ದಾಟಿ ಕಾಶಪ್ಪನ ಮನೆ ಹೊಕ್ಕರು. ಬಸಗೊಂಡಪ್ಪ ಬೆಳಕಿನ ಕೆಳಗೆ ಒಬ್ಬನೇ ಕೂತ. ಅಷ್ಟು ಹೊತ್ತು ಕರೆದರೂ ಬಾರದಿದ್ದ ಮೋಡ ಈಗ ಖರೇನೇ ಕವಿದು, ಹೊರಗೆ ಜಿಟಿಜಿಟಿ ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಮಾಯವ್ವ, ಸಾವಿತ್ರೆವ್ವ ಸೆರಗು ತಲೆಗೆ ಹೊದ್ದು ಓಡಿ ಬಂದರು. ಹಿಂದೆಯೇ ಹೆಗಲ ಮೇಲೆ ಸೀರೆಯ ಗಂಟು ಹೊತ್ತ ಕಾಶಪ್ಪ.

"ಇವನ ಮನ್ಯಾಗೂ ಕತ್ತಲಾ, ಹೊರಗ ಮಳಿ," ಎಂದಳು ಮಾಯವ್ವ. "ಅತ್ಲಾಗ ಸರಿ ಬಸ್ಯಾ, ಬೆಳಕಿಗಿ ಹಿಡದು ನೋಡತೇವಿ."

ಕಾಶಪ್ಪ ಸರಿಯಾಗಿ ಪೈಪಿನ ಕೆಳಗೆ ಗಂಟು ಬಿಚ್ಚಿ ಹರಡಿದ. ಮಳೆಗೆ ಸಿಕ್ಕ ಓಣಿಯ ಇನ್ನಷ್ಟು ಹೆಂಗಸರೂ ಅಲ್ಲೇ ಒಳಬಂದು, ಬಸಗೊಂಡಪ್ಪನನ್ನು ಸರಿಸಿ ಸುತ್ತ ಕೂತರು. ಕಾಶಪ್ಪ ಒಂದು ಸೀರೆ ಎತ್ತಿ ಝಾಡಿಸಿ, ಮೂಲೆ ಸೇರಿದ್ದ ಮನೆಯ ಯಜಮಾನನ ಕಡೆ ತಿರುಗಿದ.

"ನೋಡಾಕ ಏನ ರೊಕ್ಕ ಕೊಡಬೇಕಾಗಿಲ್ಲಲ್ಲ, ಬಸಣ್ಣಾ?"