ದೊಡ್ಡವ್ವನ ಪ್ರಾರ್ಥನೆಗೆ ಎದುರು ಮಾತಿಲ್ಲ

ನಮ್ಮ ದೊಡ್ಡವ್ವ ಮೊನ್ನೆಯ ದಸರಾ ರಜೆಯವರೆಗೂ ಯಾರನ್ನೂ ಬೈದವಳಲ್ಲ. ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಬಳಗದಲ್ಲಿ ಯಾರಾದರೂ ತಪ್ಪು ಮಾಡಿದರೆ ಅವರ ಮುಖಕ್ಕೆ ಒಂದು ಮಾತು ಅನ್ನುವುದಿಲ್ಲ, ಬೆನ್ನ ಹಿಂದೆ ಆಡಿಕೊಳ್ಳುವುದೂ ಇಲ್ಲ. ದೇವರಿಗೆ ಹೇಳುತ್ತಾಳೆ, ಅಷ್ಟೆ. ಗಟ್ಟಿಯಾಗಿ ಹೇಳುತ್ತಾಳೆ. ತಪ್ಪು ಮಾಡಿದವರು ಎದುರಿಗೇ ತಲೆ ತಗ್ಗಿಸಿ ಕೂತಿರುವಾಗ ಹೇಳುತ್ತಾಳೆ.

ನಮ್ಮದು ಬೀದರಿನ ಮೆಥೋಡಿಸ್ಟ್ ಮನೆತನ. ಹಿರಿಯರು ಮನೆಗೆ ಬಂದರೆ ಏಳುವ ಮುಂಚೆ ಪ್ರಾರ್ಥನೆ ಮಾಡಿಯೇ ಏಳುತ್ತಾರೆ. ಮನೆಮಂದಿಯೆಲ್ಲ ಕಣ್ಣು ಮುಚ್ಚಿ ಕೂರಬೇಕು, ನಡುವೆ ಬಾಯಿ ಹಾಕುವಂತಿಲ್ಲ. ದೇವರ ಜೊತೆ ಮಾತಾಡುತ್ತಿರುವವರನ್ನು ತಡೆದು 'ಹಂಗಲ್ಲರಿ, ನಂದೂ ಒಂಚೂರು ಕೇಳ್ರಿ' ಅನ್ನಲು ಯಾರಿಗೆ ಧೈರ್ಯ ಬರುತ್ತದೆ? ಕೊನೆಗೆ ಎಲ್ಲರೂ ಸೇರಿ 'ಆಮೆನ್' ಅನ್ನಬೇಕು. ಆಮೆನ್ ಎಂದರೆ ಹಾಗೆಯೇ ಆಗಲಿ ಎಂದು. ಅಂದರೆ ಬೈಸಿಕೊಂಡವನೇ ಬೈಗುಳಕ್ಕೆ ರುಜು ಹಾಕಿಕೊಟ್ಟ ಹಾಗಾಯಿತಲ್ಲ! ನನ್ನ ಮದುವೆ ಗೊತ್ತಾದ ದಿನ ಹೆಣ್ಣಿನ ಕಡೆಯವರೆಲ್ಲ ಕೂತಿದ್ದಾಗ ಅವಳು, "ಕರ್ತನೇ, ಈ ಹುಡುಗನಿಗೆ ಬಿಸಿಲೇರುವ ಮೊದಲು ಎಚ್ಚರವಾಗುವ ಕೃಪೆಯನ್ನು ಅನುಗ್ರಹಿಸು" ಎಂದು ಬೇಡಿಕೊಂಡಳು. ನನ್ನ ಮಾವನವರು ಎಲ್ಲರಿಗಿಂತ ಜೋರಾಗಿ ಆಮೆನ್ ಅಂದರು. ಹೆಂಡತಿ ಅದನ್ನು ಈಗಲೂ ವಾರಕ್ಕೊಮ್ಮೆ ನೆನಪಿಸುತ್ತಾಳೆ.

ಅವಳ ಪ್ರಾರ್ಥನೆಗೆ ಒಂದು ಗುರುತಿದೆ. ಶುರುವಾಗುವುದು ಗುಡಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಪಾದ್ರಿಗಳು ಓದುವಂಥ ಅಚ್ಚುಕಟ್ಟು ಕನ್ನಡದಲ್ಲಿ. ಪ್ರೀತಿಯುಳ್ಳ ತಂದೆಯೇ, ಕರುಣಾನಿಧಿಯೇ, ನಿನ್ನ ನಾಮಕ್ಕೆ ಸ್ತೋತ್ರವಾಗಲಿ. ಅಲ್ಲಿಯವರೆಗೆ ಯಾರಿಗೂ ಭಯವಿಲ್ಲ. ಯಾವಾಗ ಅವಳು ಅಲ್ಲಿಂದ ನಮ್ಮ ಬೀದರಿನ ಮಾತಿಗೆ ಇಳಿಯುತ್ತಾಳೋ, ಆಗ ಯಾರದೋ ಪಾಳಿ ಬಂತು ಎಂದು ತಿಳಿದುಕೊಳ್ಳಬೇಕು.

ಇಂಥ ದೊಡ್ಡವ್ವನನ್ನು ಕೂರಿಸಿಕೊಂಡು, ಹೆಂಡತಿ ಮಕ್ಕಳ ಸಮೇತ, ದಸರಾ ರಜೆಯ ಒಂದು ಶನಿವಾರ ನಾನು ಡಾಬಕಾಕ್ಕೆ ಹೊರಟೆ. ಡಾಬಕಾ ಎಂದರೆ ಔರಾದ ತಾಲೂಕಿನ ಆ ತುದಿ, ಇನ್ನೊಂದಿಷ್ಟು ಹೋದರೆ ಮಹಾರಾಷ್ಟ್ರ. ಅಲ್ಲಿ ನಮ್ಮ ಚಿಕ್ಕವ್ವ, ದೊಡ್ಡವ್ವನ ತಂಗಿ, ಮಗ ಸೊಸೆಯ ಜೊತೆ ಇದ್ದಾಳೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಪೂರ್ತಿ ಮುಚ್ಚಿಕೊಂಡಿತ್ತು, ಇನ್ನೊಂದು ಅದೇ ದಾರಿ ಹಿಡಿದಿತ್ತು. ಆಪರೇಷನ್ ಅಂದರೆ ಸಾಕು, "ನೋಡೂದೆಲ್ಲಾ ನೋಡೀನಿ, ಇನ್ನೇನದ ನೋಡೂದು?" ಎಂದು ಫೋನ್ ಇಡುತ್ತಿದ್ದಳು. ನಿವೃತ್ತ ನರ್ಸಾದ ದೊಡ್ಡವ್ವನಿಗೆ ಇದನ್ನು ಸಹಿಸಲಾದೀತೇ? ಬೀದರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಸೋಮವಾರಕ್ಕೆ ತಂಗಿಯ ಹೆಸರು ಬರೆಸಿಯೇ ಬಂದಳು. "ಇವತ್ತ ಆಕಿನ್ನ ಗಾಡ್ಯಾಗ ಹಾಕ್ಕೊಂಡೇ ಬರೂದು. ತಡಾ ಆದ್ರ ಆ ಕಣ್ಣೂ ಹೋಗ್ತದ" ಎಂದಳು.

ಬೀದರಿನಿಂದ ಔರಾದಕ್ಕೆ ನೇರ ರಸ್ತೆ ಇದೆ. ಆದರೆ ಅವಳು ಭಾಲ್ಕಿಯ ಮೇಲೆ ಹೋಗಬೇಕೆಂದಳು.

"ಅದು ಸುತ್ತಾಗ್ತದಲ್ಲ ದೊಡ್ಡವ್ವಾ."

"ಸುತ್ತಾದ್ರ ಆಗವಲ್ದ್ಯಾಕ. ದಾರ್‍ಯಾಗಿನ ಮಂದಿಯೆಲ್ಲಾ ಆಕಿ ಕಣ್ಣಿನ ಸಲವಾಗಿ ಆಮೆನ್ ಅನ್ಲಿ. ಬಳಗೆಲ್ಲಾ ಒಪ್ಪ್ಯಾರ ಅಂದ್ರ ಆಕಿ ಹ್ಯಾಂಗ ಒಲ್ಲೆ ಅಂತಾಳ ನೋಡೂಣು."

ಚುನಾವಣೆಗೆ ನಿಂತವರು ಮತ ಕೇಳುತ್ತ ಹೋದಂತೆ ನಾವು ಆಮೆನ್ ಕೇಳುತ್ತ ಹೊರಟೆವು. ಗಾಡಿ ಹತ್ತಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲು ಹಿಡಿದು, ಸೀಟು ಹಿಡಿದು, ನನ್ನ ಮಗಳು ಸ್ನೇಹಾಳ ಭುಜ ಹಿಡಿದು ಹತ್ತಿ, "ಈಗಿನ ಗಾಡಿ ಭಾಳ ಎತ್ತರ ಮಾಡ್ತಾರ" ಎಂದು ಕಂಪನಿಯವರ ಮೇಲೆ ಹಾಕಿದಳು. ನಂತರ ಪ್ರಯಾಣದ ಪ್ರಾರ್ಥನೆ. "ಗಾಡಿ ನಡಸೋ ಈ ಹುಡುಗ ರಸ್ತೆ ಬಿಟ್ಟು ಫೋನ್ ನೋಡ್ದಂಗ ಮಾಡಪಾ ತಂದೆ." ಆ ಹುಡುಗನಿಗೆ ಈಗ ತಲೆಯ ಅರ್ಧ ಕೂದಲು ಬೆಳ್ಳಗಾಗಿದೆ. ಹಿಂದಿನ ಸೀಟಿನಿಂದ ಹೆಂಡತಿಯ ಆಮೆನ್ ಕೇಳಿಸಿತು, ನನ್ನ ಮಾವನವರದೇ ಧಾಟಿ.

ಊರು ದಾಟುವ ಮೊದಲೇ ಕೊಳಾರದಲ್ಲಿ ಮೊದಲ ನಿಲುಗಡೆ. ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮನ ವರಸೆಯವನೊಬ್ಬ ಹೊಸ ಟೀವಿ ತಂದಿದ್ದ. ಟೀವಿ ಎಂದರೆ ಗೋಡೆಗೆ ಗೋಡೆಯೇ ಟೀವಿ. ಅವನ ತಾಯಿ ಮಾತ್ರ ಕಾಲು ಮುರಿದು ಹಗ್ಗ ಕಟ್ಟಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಂಜುತ್ತ ಅಂಜುತ್ತ ಕೂತಿದ್ದರು. ಚಹಾ ಆಯಿತು. ದೊಡ್ಡವ್ವ ಕಣ್ಣು ಮುಚ್ಚಿದಳು. ತಂಗಿಯ ಕಣ್ಣಿಗಾಗಿ ಸುಂದರವಾಗಿ ಬೇಡಿಕೊಂಡಳು. ಆಮೇಲೆ ದನಿ ಇಳಿಯಿತು.

"ಗ್ವಾಡಿ ತುಂಬ ಟೀವಿ ಕೊಟ್ಟಿದಿ ತಂದೆ, ಸ್ತೋತ್ರ. ಆ ಟೀವಿ ಮುಂದ ಅವ್ವ ಬೀಳಲಾರ್ದಂಗ ಕುಂದ್ರಲಿಕ್ಕಿ ಒಂದು ಗಟ್ಟಿ ಕುರ್ಚಿ ತರೂ ಬುದ್ಧೀನೂ ಈ ಮನ್ಯಾಗ ಕೊಡು."

ತಮ್ಮ ಆಮೆನ್ ಅಂದ. ಬೇರೆ ದಾರಿ ಎಲ್ಲಿತ್ತು? ನಾವು ಗಾಡಿ ತಿರುಗಿಸುವಷ್ಟರಲ್ಲಿ ಅವನು ಗೇಟಿನ ಹಿಂದೆ ನಿಂತು ಭಾಲ್ಕಿಗೆ ಫೋನ್ ಹಚ್ಚಿದ್ದ. "ಹೊಂಟ್ರ್ ನೋಡ್ರಿ, ಮನಿ ಸಂಭಾಳಿಸ್ಕೋರಿ."

ಗಾಡಿಯಲ್ಲಿ ನನ್ನ ಮಗ ಜೋಯೆಲ್, ಎರಡನೆಯ ಇಯತ್ತೆಯ ಪಂಡಿತ, ವರದಿ ಒಪ್ಪಿಸಿದ. ಮಕ್ಕಳಿಗೆ ದೊಡ್ಡವ್ವ ಎಂದರೆ ಆಯಿ. "ಪಪ್ಪಾ, ಆಯಿ ಕುರ್ಚಿ ಅಂದಾಗ ಕಾಕಾ ಕಣ್ಣು ತೆಗೆದು ಕಾಕೂ ಕಡೆ ನೋಡ್ದಾ."

"ನಿನಗ ಹ್ಯಾಂಗ ಗೊತ್ತಾಯ್ತು?"

"ನಾನೂ ತೆಗೆದಿದ್ನೆಲ್ಲಾ."

ಭಾಲ್ಕಿಯಲ್ಲಿರುವವರು ದೊಡ್ಡವ್ವನ ಚಿಕ್ಕಪ್ಪನ ಮಗ, ನನಗೆ ಮಾಮಾ, ನಿವೃತ್ತ ಮಾಸ್ತರರು, ಸಕ್ಕರೆ ಕಾಯಿಲೆಯವರು. ಮುನ್ನೆಚ್ಚರಿಕೆ ತಲುಪಿದ್ದರಿಂದ ಮನೆ ಪರೀಕ್ಷೆಗೆ ತಯಾರಾದ ಶಾಲೆಯಂತಿತ್ತು. ಪೇಢೆಯ ಡಬ್ಬಿ ಎಲ್ಲೋ ಅಡಗಿತ್ತು. ಟೇಬಲ್ಲಿನ ನಟ್ಟನಡುವೆ, ಕಣ್ಣಿಗೆ ರಾಚುವ ಹಾಗೆ, ಮೆಂತ್ಯ ಕಾಳಿನ ಪಾಕೀಟು. ಮಾಮಾ ಬಲು ಜಾಣರು, ಕೂತ ಕೂಡಲೇ, "ಅಕ್ಕಾ, ಇವತ್ತ ಮನಿ ಯಜಮಾನ ನಾನೇ ಪ್ರಾರ್ಥನಿ ಮಾಡ್ತೇನಿ" ಎಂದು ಯಾರ ಒಪ್ಪಿಗೆಗೂ ಕಾಯದೆ ಕಣ್ಣು ಮುಚ್ಚಿ, ನಾಲ್ಕು ಮಾತಿನಲ್ಲಿ ಚಿಕ್ಕವ್ವನ ಕಣ್ಣು, ದೇಶದ ಶಾಂತಿ, ಸೋಯಾಬೀನಿನ ಫಸಲು ಎಲ್ಲವನ್ನೂ ಮುಗಿಸಿ ಆಮೆನ್ ಅಂದುಬಿಟ್ಟರು. ನಾನು ಮನಸ್ಸಿನಲ್ಲೇ ಶಹಬಾಸ್ ಅಂದೆ. ದೊಡ್ಡವ್ವ ತಾನೂ ಆಮೆನ್ ಅಂದಳು.

"ಭಾಳ ಚಂದ ಮಾಡ್ದಿ. ಇದು ಆರಂಭದ್ದಾಯ್ತು. ಈಗ ಮುಕ್ತಾಯದ ಪ್ರಾರ್ಥನಿ ನಾ ಮಾಡ್ತೇನಿ."

ಮುಕ್ತಾಯ ಆರಂಭಕ್ಕಿಂತ ಬಹಳ ಉದ್ದವಿತ್ತು. ಅದರ ಬಾಲದಲ್ಲಿ, "ಈ ಮನ್ಯಾಗಿನ ಮೆಂತ್ಯ ಪಾಕೀಟು ಇನ್ನೂ ಬಿಚ್ಚಿಲ್ಲ ತಂದೆ, ನಾವು ಹೋದಮ್ಯಾಲರೇ ಬಿಚ್ಚಲಿ. ಕಪಾಟಿನ ಮ್ಯಾಲಿನ ಡಬ್ಬಿ ಮಾತ್ರ ಬಿಚ್ಚಲಾರದಂಗ ಕಾಪಾಡು" ಎಂದು ಬಂತು. ಕಪಾಟಿನ ಮೇಲೆ ಡಬ್ಬಿ ಇರುವುದನ್ನು ಅವಳು ಯಾವಾಗ ನೋಡಿದಳೋ ಆ ದೇವರಿಗೇ ಗೊತ್ತು. ಅತ್ತೆ, ಅಂದರೆ ಮಾಮಾನ ಹೆಂಡತಿ, ಎರಡು ಸಲ ಆಮೆನ್ ಅಂದರು.

ಅಲ್ಲಿ ಚಾಪೆ ಹಾಸಿ ಊಟಕ್ಕೆ ಕೂರಿಸಿದಾಗ ದೊಡ್ಡವ್ವ ತನಗೊಂದು ಕುರ್ಚಿಯೇ ಬೇಕೆಂದಳು. "ನಿಮ್ಮೆಲ್ಲಾರ ಮ್ಯಾಲ ನಿಗಾ ಇಡ್ಬೇಕಲ್ಲ" ಎಂದಳು. ನಾವು ನಕ್ಕೆವು. ನಿವೃತ್ತಳಾದರೂ ವಾರ್ಡಿನ ಗತ್ತು ಹೋಗಿಲ್ಲ ಎಂದು ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು.

ಔರಾದ ದಾಟಿ ಎಕಂಬಾದ ಹೊಲಗಳ ಹತ್ತಿರ ಬಂದಾಗ ರಸ್ತೆಯ ಅರ್ಧಕ್ಕೆ ಸೋಯಾ ಹರವಿದ್ದರು. ನಮ್ಮ ಭಾವನ ವರಸೆಯವರೊಬ್ಬರ ಹೊಲದಲ್ಲಿ ರಾಶಿ ಮಾಡುವ ಮಷಿನ್ ಗಡಗಡ ಎನ್ನುತ್ತಿತ್ತು. ಮನೆಗೆ ಹೋಗಲು ಹೊತ್ತಿಲ್ಲ ಎಂದು ನಾನು ಹೇಳಿದ್ದೇ ತಪ್ಪಾಯಿತು. "ಹಂಗಾದ್ರ ಹೊಲದಾಗೇ ಮಾಡೂಣು" ಎಂದಳು. ಭಾವ ಮಷಿನ್ ಬಂದ್ ಮಾಡಿಸಿದರು. ಪಕ್ಕದ ಹೊಲದ ಕಾಕಾ ಒಬ್ಬರು, ಹಣೆ ತುಂಬ ವಿಭೂತಿ, ಬಸವಣ್ಣನ ಮೇಲೆ ಅಪಾರ ಭಕ್ತಿ, ರಾಶಿಗೆ ಕೈಗೂಡಿಸಲು ಬಂದಿದ್ದರು. ಅವರು ಹೋಗಲೂ ಇಲ್ಲ, ಬರಲೂ ಇಲ್ಲ, ಟೊಪ್ಪಿಗೆ ತೆಗೆದು ಅಲ್ಲೇ ನಿಂತರು. ಕೈಯಲ್ಲಿ ಬೀಡಿ ಹೊಗೆಯಾಡುತ್ತಿತ್ತು.

ದೊಡ್ಡವ್ವ ಬೆಳೆ, ಮಳೆ, ತಂಗಿಯ ಕಣ್ಣು ಮುಗಿಸಿ, "ಒಣ ಹೊಟ್ಟಿನ ಬಾಜೂಕ ಬೀಡಿ ಸೇದೂ ಮಂದೀಗಿ ಜಲ್ದಿ ಜ್ಞಾನೋದಯ ಮಾಡು" ಎಂದಳು. ಬೀಡಿ ನೆಲಕ್ಕೆ ಬಿದ್ದು ಚಪ್ಪಲಿಯಡಿ ಸೇರಿದ ಸದ್ದು ಕೇಳಿಸಿತು. ಎಲ್ಲರೂ ಆಮೆನ್ ಅಂದೆವು. ಕಾಕಾ ಕೈಮುಗಿದು, "ಶರಣು ಶರಣಾರ್ಥಿ ತಾಯಿ, ನಿಮ್ಮ ತಂಗಿ ಕಣ್ಣು ನೆಟ್ಟಗಾಗ್ಲಿ" ಎಂದರು.

"ಇದು ಲೆಕ್ಕಕ್ಕ ಬರ್ತದೇನು ಆಯಿ?" ಎಂದು ಸ್ನೇಹಾ ಗಾಡಿಯಲ್ಲಿ ಕೇಳಿದಳು.

"ಯಾಕ ಬರಲ್ಲ? ಮನಸಿಲಿಂದ ಅಂದಾನ."

ಡಾಬಕಾ ಮುಟ್ಟಿದಾಗ ಬಿಸಿಲು ಇಳಿದಿತ್ತು. ಚಿಕ್ಕವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಕ್ಕಳು ಓಡಿ ಹೋಗಿ ತಬ್ಬಿದರು. ಕೈಯಿಂದ ಮುಖ ಸವರಿ ಇದು ಸ್ನೇಹಾ, ಇದು ಜೋಯೆಲ್ ಎಂದು ಗುರುತು ಹಿಡಿದಳು. ಹಿಂದಿನಿಂದ ದೊಡ್ಡವ್ವ ಅಂಗಳ ದಾಟಿ ಬರುತ್ತಿದ್ದಳು. ಚಿಕ್ಕವ್ವ ತಲೆ ಎತ್ತಿ ಕಿವಿಗೊಟ್ಟಳು.

"ಅಕ್ಕಾ, ಯಾಕ ಎಡಗಾಲು ಎಳಿಲಕತ್ತೀ?"

"ಗಾಡ್ಯಾಗ ಕುಂತು ಕುಂತು ಜೋಮು ಹಿಡದದ."

"ಹೋದ ಕ್ರಿಸ್‌ಮಸ್‌ದಾಗೂ ಜೋಮೇ ಹಿಡದಿತ್ತಲ್ಲ."

ದೊಡ್ಡವ್ವ ಸೊಸೆಗೆ ಊಟ ಬಡಿಸಲು ಹೇಳಿದಳು. ಜೋಳದ ರೊಟ್ಟಿ, ಪುಂಡಿಪಲ್ಯ ಬಂದವು, ಊಟವಾಯಿತು. ಯಾರೂ ಆಪರೇಷನ್ ಮಾತು ಎತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅದು ಎಲ್ಲಿ ಬರಬೇಕೋ ಅಲ್ಲೇ ಬರುತ್ತದೆ. ಕೊನೆಗೆ ದೊಡ್ಡವ್ವ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಳು, ಚಿಕ್ಕವ್ವ ಅವಳ ಕಾಲ ಬಳಿ ನೆಲದ ಮೇಲೆ. ಕಣ್ಣು ಮುಚ್ಚಿದೆವು.

ಅಂಥ ಪ್ರಾರ್ಥನೆಯನ್ನು ನಾನು ಕೇಳಿರಲಿಲ್ಲ. ಈ ಸಲ ಪಾದ್ರಿಗಳ ಕನ್ನಡವೇ ಇರಲಿಲ್ಲ. "ಕೊಳಾರದಾಗ ಒಪ್ಪ್ಯಾರ ತಂದೆ, ಭಾಲ್ಕ್ಯಾಗ ಒಪ್ಪ್ಯಾರ, ಎಕಂಬಾದಾಗ ಶರಣರೂ ಒಪ್ಪ್ಯಾರ. ಒಪ್ಪಲಾರದಾಕಿ ಒಬ್ಬಾಕೇ. ಸೋಮವಾರ ಡಾಕ್ಟರ್ ಬಾ ಅಂದಾರ. ಈಕಿ ಹಟಾ ಮುರಿ. ಆಮೆನ್."

ನಾವೆಲ್ಲ ಆಮೆನ್ ಅಂದೆವು. ಒಂದು ದನಿ ಮಾತ್ರ ಬರಲಿಲ್ಲ. ಕಣ್ಣು ತೆರೆಯುವುದೋ ಬೇಡವೋ ಎಂದು ಎಲ್ಲರೂ ಅನುಮಾನಿಸುತ್ತಿರುವಾಗ ಚಿಕ್ಕವ್ವ ಶುರುಮಾಡಿದಳು.

"ಯಪ್ಪಾ ದೇವ್ರೇ, ನಮ್ಮಕ್ಕ ಇವತ್ತ ಕಂಡ ಕಂಡ ಮನಿಗೆಲ್ಲಾ ಹೋಗಿ ಎಲ್ಲಾರ ಸಲವಾಗಿ ಬೇಡ್ಕೊಂಡು ಬಂದಾಳ. ಆಕಿ ಸಲವಾಗಿ ಯಾರರೇ ಬೇಡ್ಯಾರೇನು? ನಾ ಬೇಡ್ತೇನಿ, ಕೇಳು. ಆಕಿ ಮಣಕಾಲು ಹೋಗ್ಯದ. ನಾ ಸಣ್ಣಾಕಿದ್ದಾಗ ಅದೇ ಮಣಕಾಲಿನ ಮ್ಯಾಲ ಕುಂದ್ರಿಸ್ಕೊಂಡು ನನಗ ಉಣಿಸ್ಯಾಳ. ಈಗ ನಾ ಬೀದರಿಗಿ ಹೋದ್ರ ಹಗಲಿ ರಾತ್ರಿ ನಿಂತು ನನ್ನ ಸೇವಾ ಮಾಡ್ತಾಳ, ಕುಂದ್ರು ಅಂದ್ರ ಕುಂದ್ರಂಗಿಲ್ಲ. ಅದಕ್ಕೇ ನಾ ಒಲ್ಲೆ ಅಂದಿದ್ದು, ನಿನಗ ಗೊತ್ತದ. ನಾ ಕಣ್ಣು ತೋರಸ್ತೇನಿ. ಆಕಿ ಮೊದಲ ಮಣಕಾಲು ತೋರಸ್ಲಿ. ಒಪ್ಪಿಗಿ ಇದ್ರ ಆಕೇ ಆಮೆನ್ ಅನ್ಲಿ, ಬ್ಯಾರೇ ಯಾರೂ ಅನಬ್ಯಾಡ್ರಿ."

ಬಾಗಿಲು ಹಿಡಿದು ಗಾಡಿ ಹತ್ತಿದ್ದು, ಕುರ್ಚಿಯೇ ಬೇಕೆಂದದ್ದು, ಎಲ್ಲ ನನಗೆ ಆಗ ಹೊಳೆಯಿತು. ಕಣ್ಣಿದ್ದ ನಾವ್ಯಾರೂ ಕಾಣಲಿಲ್ಲ. ಇಷ್ಟು ವರ್ಷ ಅವಳು ಮಾಡಿದ ಪ್ರಾರ್ಥನೆಗಳಲ್ಲಿ ನಮ್ಮೆಲ್ಲರ ಹೆಸರೂ ಬಂದಿದೆ, ಅವಳ ಹೆಸರು ಒಮ್ಮೆಯೂ ಬಂದಿಲ್ಲ. ನಾವೂ ತಂದಿಲ್ಲ. ನನಗೆ ಬಹಳ ಸಂಕಟವಾಯಿತು.

ಕೊನೆಗೆ ಒಂದು ಸಣ್ಣ ದನಿ. "ಆಮೆನ್."

"ದೇವ್ರಿಗಿ ಕೇಳ್ಸಿರಬೇಕು ಅಕ್ಕಾ. ನನಗ ಕೇಳ್ಸಲಿಲ್ಲ."

"ಆಮೆನ್ ಅಂದೆನಲ್ಲ, ಕಿವೀನೂ ಹೋಗ್ಯಾವೇನು ನಿನಗ?"

ನನ್ನ ತಿಳಿವಳಿಕೆಯಲ್ಲಿ ದೊಡ್ಡವ್ವ ದೇವರ ಮೂಲಕ ಹೋಗದೆ, ನೇರವಾಗಿ, ಒಬ್ಬರನ್ನು ಬೈದದ್ದು ಅದೇ ಮೊದಲು.

ಬರುವಾಗ ನೇರ ರಸ್ತೆ ಹಿಡಿದೆ, ಯಾರ ಮನೆಗೂ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ಸ್ನೇಹಾಳ ಪಕ್ಕ ಅಕ್ಕತಂಗಿಯರು ಕೂತು, ಮೊದಲು ಮಣಕಾಲಿನ ಡಾಕ್ಟರೋ ಕಣ್ಣಿನ ಡಾಕ್ಟರೋ ಎಂದು ಜಗಳವಾಡುತ್ತಿದ್ದರು. ಮುಂದೆ ಅಮ್ಮನ ತೊಡೆಯ ಮೇಲಿದ್ದ ಜೋಯೆಲ್ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ.

"ಪಪ್ಪಾ, ಸಣ್ಣ ಆಯಿ ಪ್ರಾರ್ಥನಿ ಮಾಡುಮುಂದ ದೊಡ್ಡ ಆಯಿ ಕಣ್ಣೇ ಮುಚ್ಚಿರಲಿಲ್ಲ. ಸಣ್ಣ ಆಯಿ ಮಕಾನೇ ನೋಡ್ಕೋತ ಅಳ್ಳಿಕತ್ತಿದ್ಲು."

ನಿನಗೆ ಹೇಗೆ ಗೊತ್ತಾಯಿತು ಎಂದು ಈ ಸಲ ನಾನು ಕೇಳಲಿಲ್ಲ. ನಾನೂ ಕಣ್ಣು ತೆರೆದೇ ಕೂತಿದ್ದೆ.