ಕೊಟ್ಟಿಗೆಯಲ್ಲಿ ಇಳಿಯುವ ಬಿಪಿ

ಯಾವುದನ್ನೂ ಎರಡು ಸಲ ವಿಚಾರಿಸದೆ ನಂಬುವ ಸ್ವಭಾವ ನನ್ನದಲ್ಲ. ಬದನೆಕಾಯಿ ಇಂದೇ ಕಿತ್ತದ್ದು ಎಂದರೆ ತೊಟ್ಟು ಮುರಿದು ನೋಡುತ್ತೇನೆ. ಕುಲಗೋಡದಲ್ಲಿ ಬಸ್ಸು ಹತ್ತಿ ಕೂತ ಮೇಲೂ, ಇದು ಗೋಕಾಕಕ್ಕೇ ಹೋಗುತ್ತದೆಯೇ ಎಂದು ಪಕ್ಕದವರನ್ನು ಕೇಳುತ್ತೇನೆ. ಅಂಥವಳು ಗಂಡನ ಬಿಪಿಯನ್ನು ನಂಬುವುದು ಹೇಗೆ?

ನಮ್ಮ ಮನೆಯವರಿಗೆ ಕಿಡ್ನಿಯ ತೊಂದರೆ ಶುರುವಾಗಿದೆ. ಬಿಪಿ ಏರಿದರೆ ಕಿಡ್ನಿ ಇನ್ನಷ್ಟು ಕೆಡುತ್ತದೆ, ದಿನಾಲೂ ಮನೆಯಲ್ಲೇ ನೋಡಿಕೊಳ್ಳಿ ಎಂದು ಗೋಕಾಕದ ಡಾಕ್ಟರು ಹೇಳಿದ್ದರಿಂದ ಒಂದು ಯಂತ್ರ ತಂದೆವು. ಇವರು ನೋಡಿಕೊಂಡಾಗೆಲ್ಲ ಬಿಪಿ ಸರಿಯಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ಏರಿ ಕೂತಿರುತ್ತಿತ್ತು. ಅದೂ ಹೋಗಲಿ, ಮನೆಯಲ್ಲಿ ಇಷ್ಟು ಕುರ್ಚಿಗಳಿರುವಾಗ ಇವರು ಯಂತ್ರವನ್ನು ಬಗಲಲ್ಲಿಟ್ಟುಕೊಂಡು ಹಿತ್ತಲಿನ ಕೊಟ್ಟಿಗೆಗೇ ಹೋಗುತ್ತಿದ್ದರು. ನನಗೆ ಸಂಶಯದ ವಾಸನೆ ಬಡಿಯಿತು.

"ಖರೆ ಹೇಳ್ರಿ, ಆ ಪಟ್ಟಿ ಯಾರ ರಟ್ಟಿಗೆ ಕಟ್ತೀರಿ?" ಎಂದೆ.

"ಎಮ್ಮಿ ಕಾಲಿಗೆ," ಎಂದರು, ತಿರುಗಿಯೂ ನೋಡದೆ.

ಮರುದಿನ ಮೇವಿನ ಬಣವೆಯ ಮರೆಯಲ್ಲಿ ನಿಂತು ಇಣುಕಿದೆ. ಇವರು ಬೆನ್ನಾನಿಸಿ, ಪಾದ ನೆಲಕ್ಕೂರಿ, ಕಣ್ಣು ಮುಚ್ಚಿ ಕೂತಿದ್ದರು. ಪಟ್ಟಿ ಇವರ ತೋಳಿಗೇ ಇತ್ತು. ಹಾಗಾದರೆ ಯಂತ್ರವೇ ಸುಳ್ಳು ಎಂದುಕೊಂಡು ಅದನ್ನು ಚೀಲಕ್ಕೆ ಹಾಕಿ, ಇವರೊಂದಿಗೆ ಗೋಕಾಕಕ್ಕೆ ಹೊರಟೆ.

ಡಾಕ್ಟರು ತಮ್ಮ ಯಂತ್ರದಲ್ಲೂ ನಮ್ಮದರಲ್ಲೂ ನೋಡಿದರು. ಅಷ್ಟು ಹೊತ್ತೂ ನಾನು ಪಕ್ಕದಲ್ಲೇ ನಿಂತು ಇವರು ಕದ್ದು ತಿಂದ ಉಪ್ಪಿನಕಾಯಿ, ಹಪ್ಪಳ, ಮದುವೆಯೂಟದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದೆ. ಎರಡು ಯಂತ್ರಗಳೂ ಬಿಪಿ ಏರಿದೆ ಎಂದವು. ಗುಳಿಗೆ ಹೆಚ್ಚಿಸಬೇಕಾಗುತ್ತದೆ ಎಂದರು ಡಾಕ್ಟರು. ಹಿಂದೊಮ್ಮೆ ಗುಳಿಗೆ ಜಾಸ್ತಿಯಾಗಿ ಇವರು ಅಂಗಳದಲ್ಲಿ ತಲೆ ತಿರುಗಿ ಬಿದ್ದದ್ದು ನನಗೆ ನೆನಪಾಯಿತು. ಮನೆಯಲ್ಲಿ ಸರಿಯಾಗಿಯೇ ಇರುತ್ತದೆ ಎಂದು ಇವರು ಮೆಲ್ಲಗೆ ಹೇಳಿದರು. ಎಲ್ಲಿ ಕೂತು ನೋಡಿಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದರು.

"ದನದ ಕೊಟ್ಟಗ್ಯಾಗ್ರಿ. ಅಲ್ಲಿ ಯಾರೂ ಮಾತಾಡಂಗಿಲ್ರಿ."

ಡಾಕ್ಟರು ನನ್ನ ಮುಖ ನೋಡಿದರು. "ಅಕ್ಕಾರ, ನೀವು ಸ್ವಲ್ಪ ಹೊರಗ ಕುಂದರ್ರಿ."

ಹೊರಗಿನ ಬೆಂಚಿನ ಮೇಲೆ ಕೂತೆ. ಮತ್ತೆ ಒಳಗೆ ಕರೆಯುವಷ್ಟರಲ್ಲಿ ಬಿಪಿ ಇಳಿದಿತ್ತು. ಗುಳಿಗೆ ಇದ್ದಷ್ಟೇ ಇರಲಿ, ಅಳೆಯುವಾಗ ಮನೆಯಲ್ಲೂ ಹೀಗೇ ಸುಮ್ಮನಿರಿ ಎಂದರು. ಆ 'ಸುಮ್ಮನಿರಿ' ಎಂಬುದನ್ನು ನನ್ನ ಕಡೆ ತಿರುಗಿ ಹೇಳಿದರು.

ಮನಸ್ಸು ಹಗುರಾಯಿತು, ನಿಜ. ಆದರೆ ಬಸ್ಸಿನಲ್ಲಿ ಕೂತ ಮೇಲೆ, ನಾನಿಲ್ಲದಾಗ ಒಳಗೆ ಇವರಿಬ್ಬರೂ ನನ್ನ ಬಗ್ಗೆ ಏನೇನು ಮಾತಾಡಿಕೊಂಡರೋ ಎಂಬ ಸಂಶಯ ಕೊರೆಯತೊಡಗಿತು. ಕೇಳಿಯೇ ಬಿಟ್ಟೆ. ಏನೂ ಇಲ್ಲ, ನಿನ್ನ ಸುದ್ದಿಯೇ ಬರಲಿಲ್ಲ ಎಂದರು. ಅದನ್ನಂತೂ ನಾನು ನಂಬಿಲ್ಲ. ನಂಬಿದರೆ ನನಗೇ ಅವಮಾನ.